ಗೋಡೆಯ ಆಚೆ ಅಕ್ಕ, ಈಚೆ ಗೊಂಬೆ

ಮ್ಯೂಸಿಯಂನಲ್ಲಿರುವ ಯಾವ ವಸ್ತುವೂ ಅಲ್ಲೇ ಹುಟ್ಟಿದ್ದಲ್ಲ. ಗಾಜಿನ ಪೆಟ್ಟಿಗೆಯೊಳಗೆ ದೀಪದ ಬೆಳಕಿಗೆ ಮಿನುಗುವ ಕುಡುಗೋಲಾಗಲಿ, ಬಟ್ಟಲಾಗಲಿ, ಮಗುವಿನ ತೊಟ್ಟಿಲಾಗಲಿ, ಯಾರದೋ ಕೈಯಿಂದ ಬಂದದ್ದು. ಅವರಾಗಿ ಕೊಟ್ಟರೋ, ಇವರಾಗಿ ಎತ್ತಿಕೊಂಡರೋ ಎಂಬುದನ್ನು ಪಕ್ಕದ ಫಲಕ ಹೇಳುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಟಿಕೆಟ್ ತೆಗೆದುಕೊಂಡು, ಮಕ್ಕಳ ಕೈ ಹಿಡಿದು, ‘ಎಷ್ಟು ಚೆಂದ ನೋಡು’ ಎಂದು ತೋರಿಸಿ ಮನೆಗೆ ಬಂದಿದ್ದೀರಿ.

ನಮ್ಮೂರ ಇತಿಹಾಸ ಹೇಳುವ ಮ್ಯೂಸಿಯಂನ ಹಿಂದಿನ ಗೋಡೆಗೆ ಒತ್ತಿಕೊಂಡು ಒಂದು ಮರದ ಮೇಜಿದೆ. ಅದರ ಮೇಲೆ ಮಡಿಸಿ ಹಾಸಿದ ಹಳೆಯ ಕಂಬಳಿ, ಕಂಬಳಿಗೆ ಹೊದಿಸಿದ ಬಿಳಿ ಬಟ್ಟೆ. ಬಿಳಿ ಎಂದು ಅಭ್ಯಾಸಬಲದಿಂದ ಹೇಳಬೇಕು, ಅಷ್ಟು ಕಂದು ಕಲೆಗಳಿವೆ. ಮೂಲೆಯಲ್ಲೊಂದು ಚಪ್ಪಟೆ ಕಲ್ಲು, ಆ ಕಲ್ಲಿನ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ. ನೆರಳಿಗೆ ಕೋಲುಗಳಿಗೆ ಬಿಗಿದ ಟಾರ್ಪಾಲು. ಪಕ್ಕದಲ್ಲಿ ಬೀದಿ ನಲ್ಲಿ, ಅದರಾಚೆ ಯಾವುದೋ ಗಾಡಿ ಗುದ್ದಿ ಸೊಟ್ಟಗಾದ ದೀಪದ ಕಂಬ.

ಮೇಜಿನ ಮುಂದೆ ನಿಂತವಳನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಅನುಮಾನದಕ್ಕ ಎನ್ನುತ್ತಾರೆ. ಈ ಎರಡನೆಯ ಹೆಸರು ಅವಳ ಕಿವಿಗೆ ಬಿದ್ದಿಲ್ಲ ಎಂದುಕೊಂಡಿದ್ದಾರೆ. ಅವರು ಬಾಯಿ ತೆರೆಯುವ ಮೊದಲೇ ಬಿದ್ದಿತ್ತು.

ಅನುಮಾನ ಅವಳ ಹುಟ್ಟುಗುಣವಲ್ಲ, ಕಸುಬಿನ ಜೊತೆ ಬಂದದ್ದು. ಸೊಸೆಯಾಗಿ ಬಂದ ಹೊಸದರಲ್ಲಿ, ಇದೇ ಮೇಜಿನ ಮುಂದೆ, ಅತ್ತೆ ಅವಳ ಕೈಗೊಂದು ಅಂಗಿ ಕೊಟ್ಟು, “ಮೊದ್ಲು ಏನ್ ಮಾಡ್ತೀಯೇ?” ಎಂದು ಕೇಳಿದ್ದಳು.

“ನೀರು ಚಿಮುಕಿಸ್ತೀನಿ ಅತ್ತೆ.”

ಅತ್ತೆ ಅಂಗಿಯನ್ನು ಕಿತ್ತುಕೊಂಡು, ಜೇಬಿನೊಳಗೆ ಎರಡು ಬೆರಳು ತೂರಿಸಿ, ಮೆತ್ತಗಾದ ಒಂದು ಚಾಕಲೇಟನ್ನು ಹೊರಗೆಳೆದಳು. “ಇದರ ಮೇಲೆ ಬಿಸಿ ಇಟ್ಟಿದ್ರೆ ಅಂಗಿನೂ ಹೋಗ್ತಿತ್ತು, ಗಿರಾಕಿನೂ ಹೋಗ್ತಿದ್ದ, ನೀನೂ ನಿನ್ನ ತವರಿಗೆ ಹೋಗ್ತಿದ್ದೆ. ಮೊದ್ಲು ಜೇಬಿಗೆ ಕೈ. ರಾಜನ ಬಟ್ಟೆ ಬಂದ್ರೂ ಅಷ್ಟೇ.”

ಬಟ್ಟೆಯ ವಿಷಯದಲ್ಲಿ ಸೊಸೆ ಅಂದೇ ಪಾಠ ಕಲಿತಳು. ಮನುಷ್ಯರ ವಿಷಯದಲ್ಲಿ ಸ್ವಲ್ಪ ತಡವಾಯಿತು. ಗಂಡ ಒಂದು ಬೆಳಿಗ್ಗೆ ಲಾರಿ ಹತ್ತುತ್ತಾ, “ಸಂಜೆಗೆ ಬರ್ತೀನಿ” ಎಂದ. ಆ ಮಾತಿನ ಜೇಬಿಗೆ ಅವಳು ಕೈ ಹಾಕಿ ನೋಡಲಿಲ್ಲ. ಆ ಸಂಜೆ ಇನ್ನೂ ಆಗಿಲ್ಲ. ಹಡೆದ ಮಗನ ಪರ ವಹಿಸದೆ ಸೊಸೆಯ ಜೊತೆಗೇ ಉಳಿದದ್ದು ಅತ್ತೆಯ ದೊಡ್ಡತನ. ಒಬ್ಬಳು ಬಟ್ಟೆಗೆ ನೀರು ಚಿಮುಕಿಸಿ ಕೊಡುವುದು, ಇನ್ನೊಬ್ಬಳು ಇಸ್ತ್ರಿ ಎಳೆಯುವುದು, ಮಧ್ಯೆ ಮಗುವನ್ನು ಬಟ್ಟೆ ಗಂಟಿನ ಮೇಲೆ ಮಲಗಿಸುವುದು. ಹೀಗೆ ವರ್ಷಗಳು ಕಳೆದವು. ಅತ್ತೆ ಹೋದ ಮೇಲೆ ಅವಳ ಇಸ್ತ್ರಿಪೆಟ್ಟಿಗೆ ಉಳಿಯಿತು. ಅದರ ಮರದ ಹಿಡಿ ಇಬ್ಬರು ಹೆಂಗಸರ ಅಂಗೈಗೆ ಸವೆದು, ನಡುವೆ ಸಣ್ಣಗೆ ಸೊಂಟದ ಹಾಗೆ ಒಳಗೆ ಹೋಗಿದೆ.

ಬಟ್ಟೆ ಗಂಟಿನ ಮೇಲೆ ಮಲಗುತ್ತಿದ್ದ ಆ ಮಗಳಿಗೆ ಈಗ ಗೋಡೆಯ ಆಚೆಯೇ ಕೆಲಸ. ಮ್ಯೂಸಿಯಂ ಎಂದರೆ ಬರೀ ಗಾಜಿನ ಪೆಟ್ಟಿಗೆಗಳಲ್ಲ, ಜನರನ್ನು ಒಳಗೆ ಕರೆಯುವ ಕಾರ್ಯಕ್ರಮಗಳೂ ಇರುತ್ತವೆ. ಭಾನುವಾರದ ಉಪನ್ಯಾಸ, ಮಕ್ಕಳಿಗೆ ಜೇಡಿಮಣ್ಣಿನ ಆಟ, ಹಳೆಯ ಬೀದಿಗಳ ನಡಿಗೆ, ಮನೆಯ ಅಟ್ಟದಲ್ಲಿದ್ದ ಸಾಮಾನು ತಂದು ಎಲ್ಲರಿಗೂ ತೋರಿಸುವ ದಿನ. ಇದಕ್ಕೆಲ್ಲ ಕುರ್ಚಿ ಹಾಕುವುದು, ಕೈ ಎತ್ತಿದವರ ಹತ್ತಿರ ಮೈಕು ಒಯ್ಯುವುದು, ಮಾತು ನಿಲ್ಲಿಸಲು ಬಾರದವರ ಕೈಯಿಂದ ನಗುನಗುತ್ತಲೇ ಅದನ್ನು ಬಿಡಿಸಿಕೊಳ್ಳುವುದು ಮಗಳ ಕೆಲಸ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಅವಳು ಮುಂಬಾಗಿಲಿನಿಂದ ಒಳಗೆ ಹೋಗುವುದನ್ನು ನೋಡಲೆಂದೇ ತಾಯಿ ಮೊದಲ ದಿನ ಮೇಜು ಬಿಟ್ಟು ಬೀದಿ ಸುತ್ತಿ ಮುಂದುಗಡೆ ಹೋಗಿ ನಿಂತಿದ್ದಳು. ಅನುಮಾನದಕ್ಕ ಅನುಮಾನಪಡದೆ ನಿಂತ ಗಳಿಗೆ ಅದೊಂದೇ ಇರಬೇಕು.

ಮೊದಲು ಅನುಮಾನ ಹುಟ್ಟಿಸಿದ್ದು ಮ್ಯೂಸಿಯಂನ ಕಾವಲುಗಾರ. ಅವನ ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು ಜಣಜಣ ಎನ್ನುವುದರಿಂದ ಎಲ್ಲರಿಗೂ ಅವನು ಬೀಗದಣ್ಣ. ಹೊಗೆ ಒಳಗೆ ಬರ್ತಿದೆ ಎಂದು ದಿನಾ ಗೋಡೆಯ ಮೇಲಿಂದ ಬಯ್ಯುತ್ತಿದ್ದವನು ಒಂದು ಬೆಳಿಗ್ಗೆ ಕೈ ಜೋಡಿಸಿದ.

“ನಮಸ್ಕಾರ ಅಮ್ಮಾವ್ರೇ, ಆರೋಗ್ಯನಾ?”

ಅಕ್ಕ ಹಿಂದೆ ತಿರುಗಿ ನೋಡಿದಳು. ಅಲ್ಲಿ ಸೊಟ್ಟ ಕಂಬ ಬಿಟ್ಟರೆ ಯಾರೂ ಇರಲಿಲ್ಲ.

“ನನಗಾ? ನಿನ್ನೆವರೆಗೂ ‘ಏನಕ್ಕಾ, ನಮ್ಮನ್ನ ಹೊಗೆ ಹಾಕಿ ಸಾಯಿಸ್ತೀಯಾ’ ಅಂತಿದ್ದೆ. ಇವತ್ತೇನೋ ಬೆಣ್ಣೆ ಹಚ್ತಿದೀಯ? ಕೈಲಿ ಬಿಸಿ ಪೆಟ್ಟಿಗೆ ಇದೆ, ಕರಗಿಹೋದೀತು ಹುಷಾರು.”

“ಅಯ್ಯೋ, ಮನುಷ್ಯ ಮನುಷ್ಯನಿಗೆ ಮರ್ಯಾದೆ ಕೊಡಬಾರದಾ?”

“ಕೊಡು. ಯಾಕೆ ಕೊಡ್ತಿದೀಯ ಅಂತ ಹೇಳಿ ಕೊಡು.”

ಬೀಗದಣ್ಣ ಜಣಜಣ ಎನ್ನುತ್ತ ಒಳಗೆ ಸರಿದ. ಕೈ ಕೆಲಸದವರ ಜೊತೆ ದಿನಾ ಜಗಳವಾಡುವವನು ಒಂದು ದಿನ ಕೈ ಮುಗಿದರೆ, ಅವನಿಗೆ ಏನೋ ಗೊತ್ತಾಗಿದೆ, ಅದನ್ನು ನುಂಗಿಕೊಂಡಿದ್ದಾನೆ ಎಂದೇ ಅಕ್ಕನ ಲೆಕ್ಕ.

ಆಮೇಲೆ ನಿರ್ದೇಶಕರ ಅಂಗಿಗಳು ಬರುವುದು ನಿಂತಿತು. ಮ್ಯೂಸಿಯಂನ ನಿರ್ದೇಶಕರು ಸಭ್ಯ ಮನುಷ್ಯ, ತಿಳಿಬಣ್ಣದ ಅಂಗಿ ಬಿಟ್ಟು ಬೇರೆ ತೊಡುವವರಲ್ಲ. ಅವರ ಅಂಗಿಗಳು ಮೊದಲಿನಿಂದಲೂ ಅವಳ ಮೇಜಿಗೇ. “ಮನೇಲಿ ಕರೆಂಟ್ ಇಸ್ತ್ರಿ ತಗೊಂಡ್ರಂತೆ ಕಣಮ್ಮ” ಎಂದಳು ಮಗಳು. ಮರುದಿನ ಅವರು ಕಾರಿನಿಂದಿಳಿದು ನಡೆಯುವಾಗ ಅಕ್ಕ ಅವರ ತೋಳಿನ ಗೆರೆ ನೋಡಿದಳು. ಚೂರಿಯ ಅಲಗಿನಂತಿತ್ತು. ಮನೆಯಲ್ಲಿ ಮಾಡಿಕೊಂಡ ಗೆರೆ ಅಲ್ಲ ಅದು, ಎರಡು ಬೀದಿ ಆಚೆಯ ಲಾಂಡ್ರಿಯದು. ನಾಳೆ ಯಾರಿಗೆ ಕೇಡು ಮಾಡಬೇಕೆಂದು ಗೊತ್ತಾಗಿದೆಯೋ ಅವರ ಕೈಗೆ ಇಂದು ತನ್ನ ಅಂಗಿ ಕೊಡಲು ಸಭ್ಯ ಮನುಷ್ಯನಿಗೆ ಸಂಕೋಚವಾಗುತ್ತದೆ. ಕೇಡು ಮಾಡಲು ಮಾತ್ರ ಸಂಕೋಚವಾಗುವುದಿಲ್ಲ, ಆ ಮಾತು ಬೇರೆ.

ಅವಳಿಗೆ ಸಾಣೆ ತಾತ ನೆನಪಾದ. ಮ್ಯೂಸಿಯಂನ ಮುಂಬಾಗಿಲ ಬಳಿ ಕಾಲಲ್ಲಿ ಚಕ್ರ ತುಳಿಯುತ್ತಾ ಚಾಕು ಕತ್ತರಿ ಮಸೆಯುತ್ತಿದ್ದ ಮುದುಕ. ಎರಡು ವರ್ಷದ ಹಿಂದೆ ಅವನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹೂಗುಚ್ಛ ಕೊಟ್ಟು, ಅವನ ಚಕ್ರವನ್ನು ಒಳಗೆ ಇರಿಸಿಕೊಂಡರು. ತಾತ ಹಿಗ್ಗಿ ಹೀರೇಕಾಯಿಯಾಗಿದ್ದ. ಚಕ್ರ ಇಲ್ಲದ ಸಾಣೆಯವನು ಮರುದಿನ ಏನು ಮಾಡಬೇಕೆಂದು ಅವನೂ ಯೋಚಿಸಿರಲಿಲ್ಲ, ಚಪ್ಪಾಳೆ ಹೊಡೆದ ನೀವೂ ಯೋಚಿಸಿರಲಿಲ್ಲ. ಅವನು ಕೂರುತ್ತಿದ್ದ ಜಾಗದಲ್ಲಿ ಈಗ ಹೂವಿನ ಪಾತಿ ಇದೆ. ಹೂ ಕೀಳಬಾರದು ಎಂಬ ಫಲಕ ಇದೆ. ತಾತ ಮಗಳ ಮನೆಯ ಜಗುಲಿಯಲ್ಲಿ ಕೂತು ಹೋಗಿ ಬರುವವರ ಚಪ್ಪಲಿ ನೋಡುತ್ತಿರುತ್ತಾನೆ.

ಹೀಗಿರುವಾಗ ಕಾರ್ಯಕ್ರಮದ ಮೇಡಂ ಮೇಜಿನ ಬಳಿ ಬಂದರು. ಇವರೇ ಮಗಳ ಮೇಲಧಿಕಾರಿ. ಕೆಟ್ಟವರಲ್ಲ. ಎಲ್ಲವನ್ನೂ ಪ್ರೀತಿಸುವ ಜಾತಿ, ಅದೇ ತೊಂದರೆ.

“ಅಮ್ಮ, ಬರೋ ಶನಿವಾರ ನಮ್ಮ ಹೊಸ ವಿಭಾಗ ಶುರುವಾಗ್ತಿದೆ. ‘ನಿನ್ನೆಯ ಕೈಗಳು’ ಅಂತ. ನೀವೇ ಮುಖ್ಯ ಅತಿಥಿ.”

“ನಿನ್ನೆಯ ಅಂದ್ರೆ?”

“ಮರೆಯಾಗ್ತಾ ಇರೋ ಕಸುಬುಗಳು ಅಮ್ಮ. ಎಷ್ಟು ದೊಡ್ಡ ಪರಂಪರೆ ನಿಮ್ಮದು!”

“ಮೇಡಮ್ಮೋರೇ, ನೀವೀಗ ಹಾಕ್ಕೊಂಡಿರೋ ಅಂಗಿ ಮೊನ್ನೆ ನಾನೇ ಮಾಡ್ಕೊಟ್ಟಿದ್ದು. ಮೊನ್ನೆ ಇದ್ದೋಳು, ಇವತ್ತೂ ಇಲ್ಲೇ ನಿಂತಿದೀನಿ. ನಿನ್ನೆ ಒಂದು ದಿನ ಎಲ್ಲಿ ಮರೆಯಾಗಿದ್ದೆ?”

ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. “ಎಷ್ಟು ಚೆನ್ನಾಗಿ ಮಾತಾಡ್ತೀರಿ! ಇದನ್ನೇ ವೇದಿಕೆ ಮೇಲೂ ಹೇಳಬೇಕು. ಆಮೇಲೆ ಒಂದು ಸಣ್ಣ ಸಹಾಯ. ಒಳಗೆ ನಿಮ್ಮ ಮೇಜಿನ ಥರದ್ದೇ ಮೇಜು ಮಾಡಿಸಿದೀವಿ. ನಿಮ್ಮ ಥರದ್ದೇ ಒಂದು ಗೊಂಬೆನೂ ಇದೆ, ಆಳೆತ್ತರದ್ದು. ಅದರ ಕೈಗೆ ನಿಮ್ಮ ಅತ್ತೆಯವರ ಇಸ್ತ್ರಿಪೆಟ್ಟಿಗೆ ಕೊಟ್ರೆ…”

ಅಕ್ಕ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಇಟ್ಟಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

“ಗೋಡೆ ಈಚೆ ನಾನು ಇದ್ದೀನಿ. ಆಚೆ ಗೊಂಬೆ ಯಾಕೆ ಬೇಕು?”

“ಜನ ನೋಡಲಿ ಅಂತ.”

“ನೋಡೋಕೆ ನಾನಿದೀನಲ್ಲ. ಟಿಕೆಟ್ಟೂ ಬೇಡ.”

“ಹಾಗಲ್ಲ ಅಮ್ಮ, ನೆನಪಿಗೆ.”

“ಎದುರಿಗಿರೋರನ್ನ ಯಾರಾದ್ರೂ ನೆನಪು ಮಾಡ್ಕೋತಾರಾ? ಹೋದೋರನ್ನ ಮಾಡ್ಕೋತಾರೆ. ಪೆಟ್ಟಿಗೆ ಕೊಡಲ್ಲ ಮೇಡಮ್ಮೋರೇ. ಅದು ಗೊಂಬೆ ಕೈಗೆ ಹೋದ್ರೆ ನನ್ನ ಕೈ ಗೊಂಬೆದಾಗುತ್ತೆ.”

ಮೇಡಂ ನಗುತ್ತಲೇ ಹೋದರು. ಅವರು ‘ಇಲ್ಲ’ ಎಂಬ ಮಾತನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಸಂಜೆ ಮನೆಯಲ್ಲಿ ಮಗಳು ಮುಖ ಊದಿಸಿಕೊಂಡು ಕೂತಿದ್ದಳು. ತಟ್ಟೆಯ ಮುಂದೆ ಕೂತರೂ ಕೈ ಬಾಯಿಗೆ ಹೋಗುತ್ತಿರಲಿಲ್ಲ.

“ಮೇಡಂ ಮುಂದೆ ನನ್ನ ಮರ್ಯಾದೆ ತೆಗೆದೆ. ನಿನ್ನನ್ನ ಗೌರವಿಸ್ತೀವಿ ಅಂದ್ರೂ ನಿನಗೆ ಅನುಮಾನ. ನಿನಗೆ ಈ ಲೋಕದಲ್ಲಿ ಯಾರ ಮೇಲೂ ನಂಬಿಕೆ ಇಲ್ಲ. ನನ್ನ ಮೇಲೂ ಇಲ್ಲ.”

“ನಿನ್ನ ಮೇಲಿದೆ. ನಿನ್ನ ಮೇಡಂ ಮೇಲಿಲ್ಲ. ಬೆರಳಿಗೇನೇ ಅದು, ಬಿಳಿ?”

“ಗೋಂದು. ಶನಿವಾರಕ್ಕೆ ಅದೇನೋ ಮಾದರಿ ಮಾಡ್ತಿದಾರೆ. ಕಡ್ಡಿಯಷ್ಟು ಮರಗಳು. ಅಂಟಿಸು ಅಂದ್ರು, ಅಂಟಿಸಿದೆ.”

“ಎಲ್ಲಿಯ ಮಾದರಿ?”

“ನನಗೇನ್ ಗೊತ್ತು? ಯಾವುದೋ ಕಟ್ಟಡದ್ದು, ನನ್ನ ಕೈಗೆ ಒಂದು ತುಂಡು ಮಾತ್ರ ಕೊಟ್ರು. ಆಮೇಲೆ ಎಲ್ಲಾ ಹಲಗೆ ಮೇಲೆ ಜೋಡಿಸಿದಾರೆ. ಈಗ ದಪ್ಪ ಬಟ್ಟೆ ಹೊದಿಸಿಬಿಟ್ರು. ಆ ದಿನವೇ ತೆಗೆಯೋದಂತೆ, ಎಲ್ಲರಿಗೂ ಆಶ್ಚರ್ಯ ಆಗ್ಬೇಕಂತೆ.”

ಆಶ್ಚರ್ಯ ಎಂಬ ಪದವನ್ನು ಅಕ್ಕ ಬಾಯಲ್ಲಿಟ್ಟುಕೊಂಡು ಅಗಿದಳು. ರುಚಿಸಲಿಲ್ಲ. ಮಗಳ ಬೆರಳುಗಳನ್ನು ಬಿಸಿನೀರಲ್ಲಿ ಅದ್ದಿ ಗೋಂದು ಉಜ್ಜಿ ತೆಗೆದಳು. ಚಿಕ್ಕಂದಿನಲ್ಲಿ ಹೀಗೇ ಇದ್ದಿಲ ಮಸಿ ತೆಗೆಯುತ್ತಿದ್ದಳು. ಉಜ್ಜುತ್ತಾ ಮಗಳ ಕಣ್ಣನ್ನೇ ನೋಡಿದಳು. ಆ ಕಣ್ಣಲ್ಲಿ ಮುನಿಸಿತ್ತು, ಕಳ್ಳತನ ಇರಲಿಲ್ಲ. ಹಡೆದವಳ ಕಣ್ಣಿಗೇ ಒಂದು ಗಳಿಗೆ ಮಗಳನ್ನು ಹಾಗೆ ತಪಾಸಣೆ ಮಾಡಬೇಕೆನಿಸಿತಲ್ಲ, ಆ ಸಿಟ್ಟು ಅವಳಿಗೆ ಯಾರ ಮೇಲೆ ತೀರಿಸಬೇಕೆಂದು ತಿಳಿಯಲಿಲ್ಲ.

ಶನಿವಾರ ಅಕ್ಕ ಕಾರ್ಯಕ್ರಮಕ್ಕೆ ಹೋಗಲಿಲ್ಲ. ಗೋಡೆಯ ಆಚೆಯಿಂದ ಮೈಕು ಪರೀಕ್ಷಿಸುವ ಹಲೋ ಹಲೋ ಕೇಳುತ್ತಿತ್ತು. ಹಿಂದಿನ ದಿನವಷ್ಟೇ ಇಬ್ಬರು ಬಂದು ಗೋಡೆಯ ಉದ್ದಗಲ ಅಳೆದು, ಅವಳು ಏನು ಎಂದು ಕೇಳಿದರೆ “ಸುಮ್ಮನೆ ಅಕ್ಕ” ಎಂದಿದ್ದರು. ಸುಮ್ಮನೆ ಯಾರಾದರೂ ಗೋಡೆ ಅಳೆಯುತ್ತಾರೆಯೇ?

ಮಧ್ಯಾಹ್ನ ಇಳಿದ ಮೇಲೆ ಮೇಷ್ಟ್ರ ಮನೆಗೆ ಬಟ್ಟೆ ಕೊಟ್ಟು ಬರಲು ಹೊರಟಳು. ನಿವೃತ್ತಿಯಾದ ಇತಿಹಾಸದ ಮೇಷ್ಟ್ರು, ಹಳೆಯ ಗಿರಾಕಿ. ಹೊರಡುವ ಮುಂಚೆ ಎಂದಿನಂತೆ ಪೆಟ್ಟಿಗೆಯ ಮುಚ್ಚಳ ಎತ್ತಿ, ನಿಗಿನಿಗಿ ಕೆಂಡದ ಮೇಲೆ ಬೂದಿ ಮುಚ್ಚಿದಳು. ಹಾಗೆ ಮುಚ್ಚಿದರೆ ಕೆಂಡ ಉರಿದುಹೋಗದೆ ಒಳಗೊಳಗೇ ಉಳಿಯುತ್ತದೆ, ಬಂದು ಗಾಳಿ ಹಾಕಿದರೆ ಮತ್ತೆ ಕೆಂಪಾಗುತ್ತದೆ. ಇದು ಇದ್ದಿಲಿನ ಇಸ್ತ್ರಿಯವರೆಲ್ಲ ಮಾಡುವ ಕೆಲಸ. ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಗಂಟನ್ನು ಹೆಗಲಿಗೇರಿಸಿ ಹೋದಳು.

ಬಾಗಿಲು ತೆರೆದ ಮೇಷ್ಟ್ರ ಹೆಂಡತಿ, “ಅಯ್ಯೋ, ನೀನಿಲ್ಲೇನೇ ಮಾಡ್ತಿದೀಯ? ನಮ್ಮೋರು ನಿನ್ನ ಕಾರ್ಯಕ್ರಮಕ್ಕೇ ಹೋಗಿದಾರೆ, ಭಾಷಣ ಇದೆಯಂತೆ” ಎಂದರು. ಉಳಿದ ಮನೆಗಳ ಬಟ್ಟೆ ಹೆಗಲ ಮೇಲೇ ಇದ್ದರೂ ಅಕ್ಕ ಅಲ್ಲಿಂದಲೇ ತಿರುಗಿದಳು.

ಮೇಜಿನ ಮೇಲೆ ಕಲ್ಲಿತ್ತು. ಕಲ್ಲಿನ ಮೇಲೆ ಏನೂ ಇರಲಿಲ್ಲ.

ಎದುರಿನ ಚಹಾದಂಗಡಿಯವನು ಲೋಟ ತೊಳೆಯುತ್ತಲೇ ಕೂಗಿ ಹೇಳಿದ, “ಬೀಗದಣ್ಣ ತಗೊಂಡು ಹೋದ ಅಕ್ಕ. ನೀನೇ ಹೇಳಿದೀಯ ಅಂದ!”

ಅವಳು ಓಡಿದಳು. ಬೀದಿ ಸುತ್ತಿ ಮುಂಬಾಗಿಲಿಗೆ, ಹೂವಿನ ಪಾತಿ ದಾಟಿ, ಮೆಟ್ಟಿಲು ಹತ್ತಿ. ಸಭಾಂಗಣದ ಬಾಗಿಲಲ್ಲಿ ಬೀಗದಣ್ಣ ನಿಂತಿದ್ದ.

“ಅಮ್ಮಾವ್ರೇ, ಬಯ್ಬೇಡಿ, ಮೇಡಂ ಹೇಳಿದ್ರು, ಅರ್ಧ ಗಂಟೆ ಅಷ್ಟೇ. ಬೆಚ್ಚಗಿತ್ತು, ಆದ್ರೆ ನಾನೇ ಮುಚ್ಚಳ ತೆಗೆದು ನೋಡ್ದೆ, ಬರೀ ಬೂದಿ.”

“ಬೂದಿ ಮುಚ್ಚಿದ್ದೇ ನಾನು ಕಣೋ! ಕೆಂಡ ಅದರ ಕೆಳಗಿದೆ!”

ಅವನನ್ನು ತಳ್ಳಿ ಅವಳು ಒಳಗೆ ನುಗ್ಗಿದಳು.

ಸಭಾಂಗಣ ತುಂಬಿತ್ತು. ಎಲ್ಲ ಗುರುತಿನ ಮುಖಗಳು, ಗುರುತಿನ ಅಂಗಿಗಳು. ಮುಂದುಗಡೆ ಒಂದು ಬದಿಗೆ ದಪ್ಪ ಬಟ್ಟೆ ಹೊದಿಸಿದ ಹಲಗೆ. ಇನ್ನೊಂದು ಬದಿಗೆ ಹೊಚ್ಚ ಹೊಸ ಮೇಜು, ಅದರ ಹಿಂದೆ ತಲೆಗೆ ಬಟ್ಟೆ ಸುತ್ತಿಕೊಂಡ ಒಂದು ಗೊಂಬೆ. ಗೊಂಬೆಯ ಮುಖ ಅವಳಿಗಿಂತ ಸುಂದರವಾಗಿತ್ತು. ಅದಕ್ಕೆ ಬೆವರು ಇರಲಿಲ್ಲ. ಅದರ ಕೈ ಕೆಳಗೆ ಮಖಮಲ್ಲಿನ ಹಾಸು, ಹಾಸಿನ ಮೇಲೆ ಅವಳ ಅತ್ತೆಯ ಪೆಟ್ಟಿಗೆ, ಬಿಸಿ ತಳ ಕೆಳಗಾಗಿ.

ವೇದಿಕೆಯ ಮೇಲೆ ಮೇಷ್ಟ್ರು ಮೈಕು ಹಿಡಿದು ಹೇಳುತ್ತಿದ್ದರು. “ನಾನು ಹುಡುಗನಾಗಿದ್ದಾಗ ಈ ಹಿಂದಿನ ಬೀದಿ ಎಷ್ಟು ಶಾಂತವಾಗಿತ್ತು ಗೊತ್ತೇ? ಖಾಲಿ. ಒಂದು ಅಂಗಡಿ ಇಲ್ಲ, ಒಂದು ಗಾಡಿ ಇಲ್ಲ…” ಜನ ಹೌದು ಹೌದು ಎಂದು ತಲೆದೂಗಿದರು. ಮೇಷ್ಟ್ರು ತೊಟ್ಟಿದ್ದ ಅಂಗಿಯನ್ನು ಆ ಖಾಲಿ ಬೀದಿಯಲ್ಲೇ ಗುರುವಾರ ಇಸ್ತ್ರಿ ಮಾಡಲಾಗಿತ್ತು.

“ಆ ಪೆಟ್ಟಿಗೆ ಎತ್ತಿ! ಕೆಂಡ ಇದೆ ಒಳಗೆ!” ಎಂದು ಅಕ್ಕ ಬಾಗಿಲಿನಿಂದಲೇ ಕೂಗಿದಳು.

ಮೇಷ್ಟ್ರ ಮಾತು ಸ್ಪೀಕರುಗಳಲ್ಲಿ ಮೊಳಗುತ್ತಿತ್ತು. ಅವಳ ಮಾತು ಮೂರನೇ ಸಾಲನ್ನೂ ಮುಟ್ಟಲಿಲ್ಲ. ಮೇಡಂ ತುಟಿಯ ಮೇಲೆ ಬೆರಳಿಟ್ಟು ಶ್ ಎಂದರು. ನಿರ್ದೇಶಕರು ಅವಳನ್ನು ಕಂಡು ಎದ್ದು, ಕೈ ಮುಗಿದು, “ನಮ್ಮ ಮುಖ್ಯ ಅತಿಥಿ ಬಂದರು, ಜೋರಾಗಿ ಚಪ್ಪಾಳೆ” ಎಂದರು. ಚಪ್ಪಾಳೆ ಬಿತ್ತು. ಅವಳು ಮತ್ತೆ ಕೂಗಿದಳು. ಚಪ್ಪಾಳೆ ಇನ್ನೂ ಜೋರಾಯಿತು.

“ಕೂತ್ಕೊಳ್ಳಿ ಅಮ್ಮ, ನಿಮ್ಮ ಸರದಿ ಬರುತ್ತೆ. ಮೈಕು ಬಂದಮೇಲೆ ಮಾತಾಡೋರಂತೆ” ಎಂದು ಮೇಡಂ ಅವಳ ಭುಜ ಹಿಡಿದು ಕುರ್ಚಿಯ ಕಡೆ ಒತ್ತಿದರು. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅವಳನ್ನು ಗೌರವಿಸಲು ಕರೆದ ಸಭೆಯಲ್ಲಿ, ಬೆಂಕಿ ಇದೆ ಎಂದು ಹೇಳಲಿಕ್ಕೂ ಅವಳಿಗೆ ಸರದಿ ಇರಲಿಲ್ಲ.

ಕೇಳಿಸಿಕೊಂಡವಳು ಒಬ್ಬಳೇ. ವೇದಿಕೆಯ ಮಗ್ಗುಲಲ್ಲಿ ಇನ್ನೊಂದು ಮೈಕು ಹಿಡಿದು ನಿಂತಿದ್ದ ಮಗಳು. ತಾಯಿಯ ತುಟಿ ನೋಡಿಯೇ ಅವಳಿಗೆ ಅರ್ಥವಾಯಿತು. ಮೈಕು ಬಿಸಾಡಿ ಗೊಂಬೆಯ ಕಡೆ ಹಾರಿದಳು. ಪೆಟ್ಟಿಗೆಯನ್ನು ಎತ್ತುವಷ್ಟರಲ್ಲಿ ಮಖಮಲ್ಲಿನಿಂದ ಹೊಗೆ ಎದ್ದು, ಗೊಂಬೆಯ ತೋಳಿಗೆ ಕಿಡಿ ತಾಗಿ, ಆ ಸುಂದರ ಕೈ ಬುಸ್ಸೆಂದು ಹೊತ್ತಿಕೊಂಡಿತು.

ಕುರ್ಚಿಗಳು ಉರುಳಿದವು. ಎಲ್ಲರೂ ನೀರು ನೀರು ಎಂದರೇ ಹೊರತು ಯಾರೂ ನೀರು ತರಲಿಲ್ಲ. ಅಕ್ಕ ಮೇಡಂ ಕೈಯಿಂದ ಬಿಡಿಸಿಕೊಂಡು ಮುಂದೆ ಹೋದವಳೇ, ಕೈಗೆ ಸಿಕ್ಕ ದಪ್ಪ ಬಟ್ಟೆಯನ್ನು ಹಲಗೆಯ ಮೇಲಿಂದ ಸರ್ರನೆ ಎಳೆದು, ಗೊಂಬೆಗೆ ಸುತ್ತಿ, ನೆಲಕ್ಕೆ ಕೆಡವಿ, ಮೇಲೆ ಮಂಡಿಯೂರಿ ಕೂತುಬಿಟ್ಟಳು. ಬೆಂಕಿ ಉಸಿರು ಕಟ್ಟಿ ಸತ್ತಿತು. ಕೆಮ್ಮು, ಕಣ್ಣೀರು, ಸುಟ್ಟ ವಾಸನೆ. ಮಗಳು ಪೆಟ್ಟಿಗೆಯನ್ನು ಎದೆಯಿಂದ ದೂರ ಹಿಡಿದು ನಿಂತೇ ಇದ್ದಳು.

ಅಕ್ಕ ಏಳುವಾಗ ಆಸರೆಗೆ ಹಲಗೆಯ ಅಂಚು ಹಿಡಿದಳು. ಹಿಡಿದವಳು ಹಾಗೇ ಬಗ್ಗಿ ನೋಡಿದಳು.

ತನ್ನ ಬೀದಿಯನ್ನು ಯಾರೂ ಆಕಾಶದಿಂದ ನೋಡಿರುವುದಿಲ್ಲ. ಅದಕ್ಕೇ ಅವಳಿಗೆ ಮೊದಲು ಗುರುತು ಹತ್ತಲಿಲ್ಲ. ಗೋಪುರ ಹೊತ್ತ ಕಟ್ಟಡ ಮ್ಯೂಸಿಯಂ ಎಂದು ತಿಳಿಯಿತು. ಆಮೇಲೆ ಬೀದಿ ನಲ್ಲಿ ಕಂಡಿತು. ನಲ್ಲಿಯಾಚೆ ದೀಪದ ಕಂಬ, ಇಲ್ಲಿ ಮಾತ್ರ ನೆಟ್ಟಗಿತ್ತು. ಅವುಗಳ ಹಿಂದೆ ಇರಬೇಕಾದ ಗೋಡೆ ಇರಲಿಲ್ಲ. ಅಲ್ಲಿ ಅಗಲವಾದ ಬಾಗಿಲು, ಮೆಟ್ಟಿಲು, ಕೂರಲು ಕಲ್ಲಿನ ಆಸನ, ಬೆರಳಿನಷ್ಟು ಎತ್ತರದ ಜನ. ಒಬ್ಬಳ ಕೈಯಲ್ಲಿ ಬಣ್ಣದ ಛತ್ರಿಯೂ ಇತ್ತು. ಮೇಜು ಇರಬೇಕಾದಲ್ಲಿ ಹಸಿರಾದ ಒಂದು ಮರ ನಿಂತಿತ್ತು.

“ಸಾರ್, ಇದರಲ್ಲಿ ನಾನೆಲ್ಲಿ?”

ನಿರ್ದೇಶಕರು ಕನ್ನಡಕ ತೆಗೆದು ಒರೆಸಿದರು. ಹೊಗೆಗೆ ಒರೆಸಿದರೋ, ಕಣ್ಣು ತಪ್ಪಿಸಲು ಒರೆಸಿದರೋ. “ಅಮ್ಮ, ನಿಮ್ಮನ್ನ ಬಿಟ್ಟಿಲ್ಲ. ನಿಮ್ಮನ್ನ ಒಳಗೇ ಇಟ್ಕೊಂಡಿದೀವಲ್ಲ” ಎಂದು ನೆಲದ ಮೇಲೆ ಬಿದ್ದಿದ್ದ ಒಂಟಿ ಕೈಯ ಗೊಂಬೆಯನ್ನು ತೋರಿಸಿದರು.

ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ನಗಬಾರದಿತ್ತೆಂದು ತಿಳಿದು ಕೆಮ್ಮಿದರು.

“ಗೊಂಬೆ ಒಳಗೆ ಬಂತು, ಅದಕ್ಕೆ ನಾನು ಹೊರಗೂ ಇರಬಾರ್ದು. ಅಲ್ವಾ ಸಾರ್? ಸಾಣೆ ತಾತನಿಗೂ ಹಿಂಗೇ ಮಾಡಿದ್ರಿ. ಅವನಿಗಾದ್ರೂ ಶಾಲು ಸಿಕ್ತು.”

“ಯಾವುದೂ ತೀರ್ಮಾನ ಆಗಿಲ್ಲಮ್ಮ. ನಾಳೆ ಬಿಟ್ಟು ಮುಂದಿನ ಭಾನುವಾರ ಇದೇ ಜಾಗದಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳ್ತೀವಿ. ಯಾರು ಬೇಕಾದ್ರೂ ಬರಬಹುದು, ಮಾತಾಡಬಹುದು.”

“ಮರ ನೆಟ್ಟಾದ್ಮೇಲೆ ಅಭಿಪ್ರಾಯ ಕೇಳ್ತೀರಾ?”

ಆಗ ಮಗಳು ಪೆಟ್ಟಿಗೆಯನ್ನು ಕೆಳಗಿಟ್ಟು ಹಲಗೆಯ ಹತ್ತಿರ ಬಂದಳು. “ಅಮ್ಮ, ಆ ಮರ… ಅದನ್ನ ಅಂಟಿಸಿದ್ದು ನಾನೇ. ನನಗೆ ಇದು ಯಾವ ಜಾಗ ಅಂತ ತಿಳೀಲಿಲ್ಲ. ಯಾರೂ ಹೇಳ್ಲಿಲ್ಲ ಕಣಮ್ಮ.”

ಅಕ್ಕ ಎರಡು ಬೆರಳಲ್ಲಿ ಮರ ಹಿಡಿದು ಎಳೆದಳು. ಬರಲಿಲ್ಲ. ಅಲ್ಲಾಡಿಸಿದಳು. ಬರಲಿಲ್ಲ.

“ನನ್ನ ಮಗಳು ಮಾಡಿದ ಕೆಲಸ, ಗಟ್ಟಿಯಾಗೇ ಇರುತ್ತೆ” ಎಂದು ಬಿಟ್ಟುಬಿಟ್ಟಳು. ಮಗಳು ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಒಂದು ಕೈಯಲ್ಲಿ ಅವಳ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು, ಸಭೆಯ ಕಡೆ ತಿರುಗಿದಳು. ಯಾರಾದರೂ ಒಂದು ಮಾತಾಡಿಯಾರೆಂದು ಸಾಲು ಸಾಲಾಗಿ ನೋಡಿದಳು. ಮೇಷ್ಟ್ರ ಕೈಯಲ್ಲಿ ಮೈಕು ಇನ್ನೂ ಚಾಲೂ ಇತ್ತು. ಅವರು ತಮ್ಮ ತೋಳಿನ ಗೆರೆಯನ್ನು ನೋಡಿಕೊಳ್ಳುತ್ತಾ ನಿಂತಿದ್ದರು. ಅವರ ಉಸಿರಾಟ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುತ್ತಿತ್ತು. ಉಸಿರಾಟ ಮಾತ್ರ.

ಅಕ್ಕ ಪೆಟ್ಟಿಗೆ ಎತ್ತಿಕೊಂಡಳು. ಮುಚ್ಚಳ ತೆರೆದು ಊದಿದಳು. ಬೂದಿ ಹಾರಿ ಕೆಂಡ ಕಾಣಿಸಿತು. ಬಂದ ದಾರಿಯಲ್ಲೇ ಹೂವಿನ ಪಾತಿ ದಾಟಿ ಹಿಂದಿನ ಬೀದಿಗೆ ಹೋಗಿ, ಉಳಿದ ಬಟ್ಟೆಗಳನ್ನು ಮುಗಿಸಿದಳು.

ಮರುದಿನದಿಂದ ಅವಳ ಮೇಜಿನ ಬಳಿ ಜನವೋ ಜನ. ಬೀಗದಣ್ಣ ಬಂದು, “ತಪ್ಪಾಯ್ತಕ್ಕಾ” ಎಂದ. ಅಮ್ಮಾವ್ರೇ ಹೋಗಿ ಮತ್ತೆ ಅಕ್ಕ ಬಂದದ್ದಕ್ಕೆ ಅವಳು ಅವನನ್ನು ಅರ್ಧ ಕ್ಷಮಿಸಿದಳು. ಉಳಿದವರೆಲ್ಲ, “ಅನ್ಯಾಯ ಅಕ್ಕ, ನಾವೆಲ್ಲ ನಿನ್ನ ಜೊತೆ ಇದೀವಿ” ಎಂದರು.

ಅವಳು ಅಂಗಿಯ ಜೇಬಿಗೆ ಬೆರಳು ತೂರಿಸುತ್ತಾ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದಳು. “ಭಾನುವಾರ ಬರ್ತೀರಾ?”

ಒಬ್ಬರಿಗೆ ಅಂದೇ ನೆಂಟರ ಮನೆಯಲ್ಲಿ ಮದುವೆ. ಒಬ್ಬರಿಗೆ ಮಂಡಿ ನೋವು. ಒಬ್ಬರು ನಿರ್ದೇಶಕರಿಗೆ ಬೇಕಾದವರು, ಎದುರಿಗೆ ಹೇಗೆ ಮಾತಾಡುವುದು. ಮೇಷ್ಟ್ರು ಮಾತ್ರ ಬರಲೇ ಇಲ್ಲ. ಬಟ್ಟೆಯ ಗಂಟನ್ನು ಹೆಂಡತಿಯ ಕೈಲಿ ಕಳಿಸಿದರು. ಮಗಳು ಭಾನುವಾರದ ಸಭೆಗೆ ಕುರ್ಚಿ ಹಾಕುತ್ತಿದ್ದಾಳೆ, ಅದು ಅವಳ ಕೆಲಸ. ಎಷ್ಟು ಕುರ್ಚಿ ಹಾಕಲಿ ಎಂದು ಕೇಳಿದ್ದಕ್ಕೆ, “ಸ್ವಲ್ಪ ಸಾಕು, ಇಂಥದ್ದಕ್ಕೆಲ್ಲ ಯಾರು ಬರ್ತಾರೆ” ಎಂದರಂತೆ ಮೇಡಂ.

ಅಕ್ಕನಿಗೂ ನಿಮ್ಮ ಮೇಲೆ ಅದೇ ಅನುಮಾನ. ನೀವು ಇದನ್ನು ಓದಿ ಅಯ್ಯೋ ಪಾಪ ಎನ್ನುತ್ತೀರಿ, ಪುಟ ಮಡಿಸುತ್ತೀರಿ, ಇಸ್ತ್ರಿಯಾದ ಅಂಗಿ ತೊಟ್ಟು ಎಲ್ಲಿಗೋ ಹೋಗುತ್ತೀರಿ ಎಂದು ಅವಳಿಗೆ ಖಾತ್ರಿ. ನಿಮ್ಮ ಮಾತಿನ ಜೇಬಿಗೆ ಈಗಾಗಲೇ ಅವಳ ಬೆರಳು ಹೋಗಿದೆ.

ಭಾನುವಾರ ಬನ್ನಿ. ಮುಂದಿನ ಸಾಲಿನಲ್ಲಿ ಕೂತು ಕೈ ಎತ್ತಿ. ಮೈಕು ನಿಮ್ಮ ಹತ್ತಿರ ಬಂದಾಗ ಬೀದಿ ಒಂದು ಕಾಲದಲ್ಲಿ ಎಷ್ಟು ಶಾಂತವಾಗಿತ್ತು ಎಂದು ಶುರುಮಾಡಬೇಡಿ. ಎದ್ದು ಹೋಗಿ ಅದನ್ನು ಅವಳ ಕೈಗೆ ಕೊಡಿ, ಅವಳು ಮಾತು ಮುಗಿಸುವವರೆಗೆ ಯಾರೂ ಕಸಿದುಕೊಳ್ಳದ ಹಾಗೆ ಪಕ್ಕದಲ್ಲೇ ನಿಲ್ಲಿ.